ಹೊಳ್ಳಿ ನೋಡುವ ಚಟ

ಹೋದ ವಾರ ಸಿಂಧನೂರಿನ ಬಜಾರದಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ನಡುರಸ್ತೆಯಲ್ಲಿ ತಡೆದು ನಿಲ್ಲಿಸಿದಳು. ಅಷ್ಟು ಹೊತ್ತೂ ಅವಳು ನನ್ನ ಹಿಂದೆಯೇ ಬರುತ್ತಿದ್ದಳಂತೆ. ನಾನು ಅಕ್ಕಿ ಗಿರಣಿಯ ತಿರುವಿನಲ್ಲಿ ಒಮ್ಮೆ ಹೊರಳಿ ನೋಡಿದ್ದೆ, ಬಳೆ ಅಂಗಡಿಯ ಎದುರು ಮತ್ತೆ ನೋಡಿದ್ದೆ, ಬಸ್ ನಿಲ್ದಾಣದ ಹತ್ತಿರ ನಿಂತೇ ನೋಡಿದ್ದೆ. ಅಲ್ಲಿಗೆ ಅವಳ ತಾಳ್ಮೆ ಮುಗಿದಿತ್ತು.

"ಹಿರೇರದೀರಿ ಅಂತ ಸುಮ್ಮನಿದ್ದೆ ರೀ. ಏನ್ ಹಂಗ ಹೊಳ್ಳಿ ಹೊಳ್ಳಿ ನೋಡಾಕತ್ತೀರಿ? ನಾ ಏನ್ ನಿಮ್ಮ ಕಿಸೇಕ ಕೈ ಹಾಕಾಕ ಬಂದೀನಿ ಅಂತ ತಿಳಿದೀರೇನು?"

"ನಿನ್ನ ನೋಡ್ಲಿಲ್ಲ ತಂಗಿ, ಗಿರಣಿ ಚಿಮಣಿ ನೋಡಿದೆ" ಎಂದೆ.

ಅವಳು ಚಿಮಣಿಯನ್ನು ನೋಡಿದಳು, ನನ್ನನ್ನು ನೋಡಿದಳು. ಸಿಂಧನೂರಿನಲ್ಲಿ ಇಷ್ಟು ವರ್ಷ ಇದ್ದವನಿಗೆ ಚಿಮಣಿಯಲ್ಲಿ ನೋಡುವಂಥದ್ದು ಏನಿದೆ ಎಂದು ಅವಳಿಗೆ ಅನ್ನಿಸಿರಬೇಕು. ಚೀಲವನ್ನು ಎದೆಗೆ ಅವುಚಿಕೊಂಡು ನನ್ನನ್ನು ದಾಟಿ ಬಿರಬಿರನೆ ಮುಂದೆ ಹೋದಳು. ಹೋಗುವಾಗ ತಾನೇ ಎರಡು ಮೂರು ಸಲ ಹೊರಳಿ ನನ್ನನ್ನು ನೋಡಿದಳು.

ಇದು ಹೊಸದಲ್ಲ. ನನ್ನ ಮದುವೆಯ ಮರುದಿನ ಹೆಂಡತಿಯನ್ನು ಬಂಡಿಯಲ್ಲಿ ಕರೆದುಕೊಂಡು ಬರುವಾಗ ತವರಿನ ಕಡೆಗೆ ಹೊರಳಿ ಹೊರಳಿ ನೋಡಿ ಅಳಬೇಕಾದವಳು ಅವಳು. ಆದರೆ ಅವಳಿಗಿಂತ ಹೆಚ್ಚು ಸಲ ನಾನು ನೋಡಿದೆನಂತೆ. ಅಲ್ಲಿ ಯಾರನ್ನು ಬಿಟ್ಟು ಬಂದೆ ಎಂಬ ಪ್ರಶ್ನೆಯನ್ನು ಆಕೆ ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡು, ಮೊದಲ ಮಗು ಹುಟ್ಟಿದ ಮೇಲೆ ಕೇಳಿದಳು. ತನ್ನ ತಂಗಿಯ ಹೆಸರನ್ನೂ ಎತ್ತಿದಳು. ನಾನು ಹುಣಸೆ ಮರ ನೋಡುತ್ತಿದ್ದೆ, ಆಮೇಲೆ ಹಾಳು ಬಾವಿ ನೋಡುತ್ತಿದ್ದೆ ಎಂದರೆ ನಂಬುವ ಹೆಣ್ಣು ಯಾವ ಊರಿನಲ್ಲೂ ಇಲ್ಲ.

ಈ ಚಟವನ್ನು ನನಗೆ ಅಂಟಿಸಿದವರು ಹುಸೇನಪ್ಪ ಮಾಸ್ತರು. ನನಗೆ ಇನ್ನೊಂದು ಚಟವೂ ಇದೆ, ಎಲ್ಲವನ್ನೂ ಅನುಮಾನಿಸುವುದು. ಅದನ್ನು ಅಂಟಿಸಿದವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಎರಡೂ ಒಂದೇ ವಯಸ್ಸಿನಲ್ಲಿ ಅಂಟಿದವು. ಆ ಇಬ್ಬರಿಗೂ ನನ್ನ ಮೇಲೆ ಪ್ರೀತಿ ಇತ್ತು, ಆದರೆ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಆಯಿಗೆ ಮಾಸ್ತರ ಮುಖ ಆಗುತ್ತಿರಲಿಲ್ಲ. ಮಾಸ್ತರಿಗೆ ಅದು ಗೊತ್ತೇ ಇದ್ದಿಲ್ಲ, ಬಹಳ ದಿನ.

ಅದು ನಿಜಾಮರ ಕಾಲ. ನಮ್ಮೂರು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಈಗಿನವರು ನಮ್ಮ ಸೀಮೆಯೆಂದರೆ ಕಾಲುವೆ, ಭತ್ತ, ಗಿರಣಿ ಎಂದುಕೊಳ್ಳುತ್ತಾರೆ. ಆಗ ಕಾಲುವೆಯ ಸುದ್ದಿಯೇ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಕಪ್ಪು ಮಣ್ಣಿನ ಎರೆ ಹೊಲ, ಜೋಳ, ಹತ್ತಿ, ಅಲ್ಲಲ್ಲಿ ಬೇವಿನ ಗಿಡ, ಊರಿನ ಬಡಗಲಿಗೆ, ಅಂದರೆ ಉತ್ತರಕ್ಕೆ, ಒಂದು ಬೋಳು ಗುಡ್ಡ. ಆ ಗುಡ್ಡದ ಮೇಲೆ ಹಿಂದಿನ ಕಾಲದವರು ಬಂಗಾರ ಅಗೆದ ಗುಣಿಗಳಿದ್ದವು. ಅವರು ತೆಗೆದದ್ದು ಅರ್ಧ, ಬಿಟ್ಟು ಹೋದದ್ದು ಅರ್ಧ ಎಂದು ಊರಿನವರೆಲ್ಲ ನಂಬಿದ್ದರು. ಆದ್ದರಿಂದ ಯಾರಾದರೂ ಹೊಸಬರು ಬಂದು ಆ ಗುಡ್ಡದ ಕಡೆ ಮುಖ ಮಾಡಿ ಸುಮ್ಮನೆ ನಿಂತರೂ ಊರಿನವರ ನಿದ್ದೆ ಹೋಗುತ್ತಿತ್ತು.

ಆಯಿಯ ನಿದ್ದೆ ಅದಕ್ಕೂ ಮೊದಲೇ ಹೋಗಿತ್ತು. ಅವಳು ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುತ್ತಿದ್ದಳು. ಹಾಲು ನಮ್ಮ ಎಮ್ಮೆಯದೇ, ಕರೆದವಳು ನಮ್ಮ ಅವ್ವನೇ. ಮನೆಗೆ ಬಂದ ನೆಂಟರು ಹಸಿವಿಲ್ಲ ಎಂದರೆ ದಾರಿಯಲ್ಲಿ ಯಾರ ಮನೆಯಲ್ಲಿ ಉಂಡು ಬಂದರೆಂದು ಪತ್ತೆ ಹಚ್ಚುವ ತನಕ ಅವಳಿಗೆ ಸಮಾಧಾನವಿಲ್ಲ. ಬಳೆಗಾರ ಬಂದರೆ ಅವನನ್ನು ಮುಂದೆ ನಡೆಯಲು ಬಿಟ್ಟು ತಾನು ಹಿಂದೆ ಬರುತ್ತಿದ್ದಳು. ಬೆಕ್ಕು ಒಂದು ದಿನ ಸುಮ್ಮನೆ ಮಲಗಿದ್ದರೆ, "ಎಲ್ಲಿ ಏನ್ ತಿಂದು ಬಂದೈತೋ, ಗಡಿಗಿ ಮುಚ್ಚಳ ನೋಡ್ರಿ" ಎನ್ನುತ್ತಿದ್ದಳು. ಇದಕ್ಕೆ ನಮ್ಮ ಕಡೆ ಗುಮಾನಿ ಎನ್ನುತ್ತೇವೆ. ಆಯಿಯ ಗುಮಾನಿಗೆ ಕಾರಣ ಬೇಕಾಗಿರಲಿಲ್ಲ, ಗುಮಾನಿ ಬಂದ ಮೇಲೆ ಕಾರಣಗಳು ತಾವಾಗಿಯೇ ಬರುತ್ತಿದ್ದವು.

ಆಕೆಯ ದೊಡ್ಡ ಗುಮಾನಿಯೆಲ್ಲ ನನ್ನ ಸುತ್ತಲೇ ಇತ್ತು. ಯಾಕೆಂದರೆ ನಾನು ಕಾಲು ಮುಂದಾಗಿ ಹುಟ್ಟಿದವನು. ಹಾಗೆ ಹುಟ್ಟಿದವರಿಗೆ ನಮ್ಮಲ್ಲಿ ಎರಡು ಗುಣ ಉಂಟೆಂದು ನಂಬಿಕೆ. ಒಂದು, ಸೊಂಟ ಹಿಡಿದುಕೊಂಡವರ ಬೆನ್ನಿಗೆ ನಾವು ಒದ್ದರೆ ಸೊಂಟ ಬಿಡುತ್ತದೆ. ಇದರಿಂದ ನನಗೆ ಸಣ್ಣ ವಯಸ್ಸಿನಲ್ಲೇ ಊರಿನ ಹಿರಿಯರನ್ನೆಲ್ಲ ಒದೆಯುವ ಯೋಗ ಕೂಡಿ ಬಂದಿತ್ತು. ಮೂಟೆ ಎತ್ತಲು ಹೋಗಿ ಸೊಂಟ ಹಿಡಿದ ಗೌಡರೂ ನಮ್ಮ ಅಂಗಳದಲ್ಲಿ ಬೋರಲು ಮಲಗಿದ್ದರು. ಒದ್ದ ಮೇಲೆ ಅವರ ಕಾಲಿಗೆ ನಮಸ್ಕಾರ ಮಾಡಬೇಕು, ಅದು ರಿವಾಜು. ಇನ್ನೊಂದು ರಿವಾಜು, ಸೊಂಟ ಹಿಡಿದು ಬಂದವರಿಗೆ ಇಲ್ಲ ಎನ್ನುವಂತಿಲ್ಲ. ಹಗೆಯವನಾದರೂ, ಮಾತು ಬಿಟ್ಟವನಾದರೂ ಬಂದು ಮಲಗಿದರೆ ಒದೆಯಲೇಬೇಕು. ಇಲ್ಲ ಎಂದರೆ ಕಾಲಿನ ಗುಣ ಹೋಗುತ್ತದೆ.

ಎರಡನೆಯ ಗುಣ ಮಾತ್ರ ಅಪಾಯದ್ದು. ಮಸಿ ಬಳಿದ ಬಟ್ಟಲಿನಲ್ಲೋ ಅಂಗೈಯಲ್ಲೋ ದಿಟ್ಟಿಸಿ ನೋಡಿದರೆ ನೆಲದೊಳಗೆ ಹೂತಿಟ್ಟ ನಿಧಿ ಎಲ್ಲಿದೆಯೆಂದು ನಮ್ಮಂಥವರಿಗೆ ಕಾಣುತ್ತದಂತೆ. ಅಂಜನ ಹಾಕಿ ನೋಡುವುದು ಎನ್ನುತ್ತಾರಲ್ಲ, ಅದು. ನಿಧಿ ಕಂಡ ಮೇಲೆ ಅದನ್ನು ಕಾಯುವ ಭೂತಕ್ಕೆ ಬಲಿ ಬೇಕು. ಬಲಿಗೆ ಯಾರನ್ನು ಕೊಡುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ಹೀಗಾಗಿ ಆಯಿಯ ಕಣ್ಣಿಗೆ ಜಗತ್ತೆಂದರೆ ಅವಳ ಮೊಮ್ಮಗನನ್ನು ಎತ್ತಿಕೊಂಡು ಹೋಗಲು ಕಾದು ಕುಳಿತ ಮಂದಿ.

ಇಂಥ ಊರಿಗೆ, ಇಂಥ ಆಯಿ ಇದ್ದ ಊರಿಗೆ, ಹುಸೇನಪ್ಪ ಮಾಸ್ತರು ಬಂದರು.

ಮುದಗಲ್ಲಿನ ಕಡೆಯವರು. ಮೊಹರಮ್ಮಿನ ಪೀರಲ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ್ದರಿಂದ ಆ ಹೆಸರು. ಅವರ ವಿಷಯದಲ್ಲಿ ಆಯಿಗೆ ಅನುಮಾನ ಬರದಿದ್ದದ್ದು ಅದೊಂದೇ. ಉಳಿದದ್ದೆಲ್ಲ ಸಂಶಯಕ್ಕೆ ಯೋಗ್ಯವಾಗಿತ್ತು. ಎಲೆ ಅಡಿಕೆ ಹಾಕುವುದಿಲ್ಲ, ಬೀಡಿ ಸೇದುವುದಿಲ್ಲ, ಅಷ್ಟು ವಯಸ್ಸಾದರೂ ಮದುವೆಯಿಲ್ಲ. ನಡೆಯುವಾಗ ಎದುರು ನೋಡದೆ ನೆಲ ನೋಡುತ್ತಾರೆ. ಹೆಗಲಿಗೆ ಒಂದು ಜೋಳಿಗೆ. ಮದರಸಾಕ್ಕೆ, ಅಂದರೆ ನಮ್ಮೂರಿನ ಸರ್ಕಾರಿ ಶಾಲೆಗೆ, ಬರುವ ಮೊದಲು ಸರ್ವೇದವರ ಜೊತೆ ಕಾಡು ಮೇಡು ತಿರುಗಿದ್ದರೆಂದು ಒಬ್ಬರು ಹೇಳಿದರೆ, ಪಲ್ಟನ್ನಿನಿಂದ ಓಡಿ ಬಂದವರೆಂದು ಇನ್ನೊಬ್ಬರು ಹೇಳುತ್ತಿದ್ದರು.

ನಮ್ಮ ಮದರಸಾ ಎಂದರೆ ಚಾವಡಿಯ ಹಿಂದಿನ ಒಂದು ಪಡಸಾಲೆ. ಪಾಠವೆಲ್ಲ ಉರ್ದುವಿನಲ್ಲಿ. ದಿಕ್ಕುಗಳನ್ನು ನಾವು ಮಷ್ರಿಕ್, ಮಗ್ರಿಬ್, ಶುಮಾಲ್, ಜುನೂಬ್ ಎಂದು ರಾಗವಾಗಿ ಹೇಳುತ್ತಿದ್ದೆವು. ಗೋಡೆಗೆ ನಿಜಾಮರ ರಾಜ್ಯದ ನಕಾಶೆ ತೂಗುಹಾಕಿತ್ತು. ಮಾಸ್ತರು ಬಂದ ಮೊದಲ ದಿನ ನಮ್ಮ ಹಾಡು ಮುಗಿಯುವ ತನಕ ಕೇಳಿ, "ಚೊಲೊ ಹೇಳ್ತೀರಿ. ಈಗ ಶುಮಾಲ್ ಯಾವ ಕಡೆ ಐತಿ ತೋರಸ್ರಿ" ಎಂದರು.

ನಾವೆಲ್ಲರೂ ಒಟ್ಟಿಗೆ ಕೈ ಎತ್ತಿ ಮಾಳಿಗೆಯ ಜಂತಿ ತೋರಿಸಿದೆವು. ಶುಮಾಲ್ ಎಂದರೆ ಉತ್ತರ, ನಕಾಶೆಯಲ್ಲಿ ಅದು ಮೇಲಿತ್ತು.

"ಜುನೂಬ್?"

ಎಲ್ಲರೂ ನೆಲ ತೋರಿಸಿದೆವು. ಒಬ್ಬ ಸರಿಯಾಗಿರಲೆಂದು ನೆಲವನ್ನು ಮುಟ್ಟಿಯೂ ತೋರಿಸಿದ.

ಮಾಸ್ತರು ಬೈಯಲಿಲ್ಲ. ನಾವು ತೋರಿಸಿದ ಜಂತಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಜೋಳಿಗೆ ಹೆಗಲಿಗೆ ಹಾಕಿ, "ಏಳ್ರಿ, ಹೊರಗ ನಡೀರಿ" ಎಂದರು. ಅಂದಿನಿಂದ ನಮ್ಮ ಪಾಠ ಹೊರಗೆ ಶುರುವಾಯಿತು, ಊರಿನವರ ಗುಮಾನಿಯೂ ಅಂದೇ ಶುರುವಾಯಿತು.

ಮೊದಲ ದಿನ ಹಳ್ಳದ ತನಕ ನಡೆಸಿಕೊಂಡು ಹೋದರು. ಹಳ್ಳಕ್ಕೆ ಹೋಗುವುದು ನಮಗೆ ಹೊಸದಲ್ಲ. ಅಲ್ಲಿ ನಿಲ್ಲಿಸಿ, "ಈಗ ಹೊಳ್ಳಿ ನೋಡ್ರಿ" ಎಂದರು. ಹೊರಳಿ ನೋಡಿದರೆ ನಮ್ಮೂರು ನಮ್ಮೂರಿನ ಹಾಗೆ ಕಾಣಲಿಲ್ಲ. ಬಲಕ್ಕಿರಬೇಕಾದ ಗುಡಿ ಎಡಕ್ಕಿತ್ತು, ನಮ್ಮ ಮನೆ ಯಾವುದೆಂದು ನನಗೇ ಗುರುತು ಸಿಗಲಿಲ್ಲ.

"ಹೋಗೋ ದಾರಿ ಬ್ಯಾರೆ, ಬರೋ ದಾರಿ ಬ್ಯಾರೆ" ಎಂದರು ಮಾಸ್ತರು. "ಎರಡೂ ಒಂದ ಅಂತ ತಿಳಿದವ ದಾರಿ ತಪ್ಪಿಸಿಕೊಳ್ತಾನ. ತಿರುವು ಬಂದಲ್ಲಿ, ಗಿಡ ಬಂದಲ್ಲಿ, ಬಾವಿ ಬಂದಲ್ಲಿ ನಿಂತು ಹೊಳ್ಳಿ ನೋಡಬೇಕು. ಬರುವಾಗ ಹಿಂಗ ಕಾಣತೈತಿ ಅಂತ ನೆಪ್ಪಿಟ್ಟುಕೋಬೇಕು. ಹೊಳ್ಳಿ ಬರೋದಿದ್ರ ನೋಡ್ರಿ. ಬರೋದಿಲ್ಲ ಅಂದ್ರ ನೋಡೋ ಜರೂರತ್ತಿಲ್ಲ."

ಇದನ್ನು ನಾವು ಶುಮಾಲ್ ಜುನೂಬ್‌ಗಿಂತ ಚೆನ್ನಾಗಿ ಕಲಿತೆವು. ಮನೆಯಿಂದ ಹಿತ್ತಲಿಗೆ ಹೋಗುವಾಗಲೂ ಹೊರಳಿ ನೋಡುತ್ತಿದ್ದೆವು. ಊರಿನ ಮಕ್ಕಳೆಲ್ಲ ಹೀಗೆ ನಡೆಯುವುದನ್ನು ಕಂಡು, ಮಕ್ಕಳಿಗೆ ಏನೋ ಅಂಜಿಕೆ ಹಾಕಿದ್ದಾರೆ, ಹಿಂದೆ ಯಾರೋ ಬಂದಂತೆ ಕಾಣುತ್ತಿದೆ ಎಂದು ಕೆಲವರು ತಾಯಿತ ಕಟ್ಟಿಸಿದರು.

ಆಮೇಲೆ ಒಂದೊಂದೇ ಕಲಿಸಿದರು. ಕೋಲು ನೆಟ್ಟು ನೆರಳು ಓಡುವುದನ್ನು ನೋಡುವುದು. ಹಳ್ಳದ ಒಣ ಉಸುಕಿನಲ್ಲಿ ಎಲ್ಲಿ ತೋಡಿದರೆ ನೀರು ಒಸರುತ್ತದೆಂದು ನೋಡುವುದು. ಚಕಮಕಿ ಕಲ್ಲು ಕುಟ್ಟಿ ಹತ್ತಿಯ ಎಳೆಗೆ ಕಿಡಿ ಹಿಡಿಸುವುದು. ಇದರಲ್ಲಿ ನಾನು ನನ್ನ ಹೆಬ್ಬೆರಳು ಜಜ್ಜಿಕೊಂಡದ್ದೇ ಹೆಚ್ಚು. ಕೆಸರಿನ ಮೇಲೆ ಬಿದ್ದ ಹೆಜ್ಜೆ ನೋಡಿ ಹೋದದ್ದು ಆಡೋ ಕುರಿಯೋ, ಕೆರ ಮೆಟ್ಟಿದವರೋ ಬರಿಗಾಲಿನವರೋ, ಭಾರ ಹೊತ್ತಿದ್ದರೋ ಇಲ್ಲವೋ ಹೇಳುವುದು. ಕಲಿಸುವ ನಡುವೆ ಜೋಳಿಗೆಯಿಂದ ಹುರಿದ ಶೇಂಗಾ ಕೊಡುತ್ತಿದ್ದರು. "ಬಲಿ ಕೊಡೋ ಮೊದಲ ಚೊಲೊ ತಿನಸ್ತಾರ" ಎಂದು ಆಯಿ ಹೇಳಿದ್ದರಿಂದ ನನಗೆ ಆ ಶೇಂಗಾದ ಮೇಲೆ ಭಯಂಕರ ಅನುಮಾನವಿತ್ತು. ಅನುಮಾನಪಡುತ್ತಲೇ ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದೆ. ಅವರು ಅತ್ತ ಹೋದಾಗ ಜೋಳಿಗೆಯಲ್ಲಿ ಚಾಕು ಇದೆಯೇ ಎಂದು ಇಣುಕಿಯೂ ನೋಡಿದೆ. ದಾರದ ಉಂಡೆ, ಸೂಜಿ, ಒಂದು ಬಟ್ಟಲು ಇದ್ದವು. ಆಯಿಗೆ ಹೇಳುವಂಥದ್ದು ಏನೂ ಸಿಗಲಿಲ್ಲವೆಂದು ಸ್ವಲ್ಪ ಬೇಜಾರೇ ಆಯಿತು.

ಜೋಳ ನಮ್ಮ ತಲೆಯ ಮೇಲೆ ಬೆಳೆದಾಗ ಅದರೊಳಗೆ ನಮ್ಮನ್ನು ಬಿಟ್ಟರು. ಎರೆ ಹೊಲದ ಜೋಳದೊಳಗೆ ಹೊಕ್ಕರೆ ಆಕಾಶದ ತುಂಡೊಂದು ಬಿಟ್ಟು ಬೇರೇನೂ ಕಾಣುವುದಿಲ್ಲ, ಕೂಗಿದರೆ ಯಾವ ಕಡೆಯಿಂದ ಕೂಗಿದರೆಂದು ತಿಳಿಯುವುದಿಲ್ಲ. "ಗಾಬರಿ ಆಗಬ್ಯಾಡ್ರಿ. ಸಾಲು ದಾಟಬ್ಯಾಡ್ರಿ. ಒಂದ ಸಾಲು ಹಿಡಕೊಂಡು ನಡೀರಿ, ಅದು ಬದುವಿಗೆ ಒಯ್ದ ಮುಟ್ಟಸತೈತಿ" ಎಂದು ಹೇಳಿ ತಾವು ಬದುವಿನ ಮೇಲೆ ನಿಂತರು. ನಾವು ಒಬ್ಬೊಬ್ಬರಾಗಿ ನಗುತ್ತ ಹೊರಗೆ ಬಂದೆವು. ಕೊನೆಯವನು ಬರುವ ತನಕ ಮಾಸ್ತರು ನಗಲಿಲ್ಲ. ಒಬ್ಬೊಬ್ಬರ ತಲೆ ಮುಟ್ಟಿ ಹೆಸರು ಹೇಳುತ್ತಿದ್ದರು. ಅವರ ಅಂಗೈ ಬೆವತು ತಣ್ಣಗಿತ್ತು. ಅದನ್ನು ನಾನು ಆಯಿಗೆ ಹೇಳಬೇಕೆಂದು ನೆನಪಿಟ್ಟುಕೊಂಡೆ, ಮನೆಗೆ ಬರುವುದರೊಳಗೆ ಮರೆತೆ.

ಎಲ್ಲ ಕೆಟ್ಟದ್ದು ಸೂಜಿಯಿಂದ.

ಒಂದು ದಿನ ಮಾಸ್ತರು ಸೂಜಿಯನ್ನು ಸೂಜಿಗಲ್ಲಿಗೆ ಉಜ್ಜಿ, ಜೋಳದ ದಂಟಿನ ಬೆಂಡಿನ ಚೂರಿಗೆ ಚುಚ್ಚಿ, ಬಟ್ಟಲಿನ ನೀರಿನ ಮೇಲೆ ತೇಲಿಬಿಟ್ಟರು. ಹೇಗೆ ತಿರುಗಿಸಿದರೂ ಅದು ಹೊರಳಿ ಒಂದೇ ಕಡೆ ಮುಖ ಮಾಡುತ್ತಿತ್ತು. ಹಿತ್ತಾಳೆ ಬಟ್ಟಲು, ಬಿಸಿಲಿಗೆ ಫಳಫಳ ಹೊಳೆದು ಸೂಜಿ ಸರಿಯಾಗಿ ಕಾಣಲೊಲ್ಲದು. ಅದಕ್ಕೆ ಮಾಸ್ತರು ದೀಪದ ಮಸಿ ತಂದು ಬಟ್ಟಲಿನ ತಳಕ್ಕೆಲ್ಲ ಬಳಿದರು. ಕಪ್ಪಿನ ಮೇಲೆ ಸೂಜಿ ಚೆನ್ನಾಗಿ ಕಂಡಿತು. ಎಲ್ಲರಿಗಿಂತ ಮೊದಲು ನನ್ನನ್ನು ಕೂರಿಸಿದರು, ನಾನು ಹತ್ತಿರ ಇದ್ದೆ ಎಂಬುದಷ್ಟೇ ಕಾರಣ.

ಹೊಲಕ್ಕೆ ಬುತ್ತಿ ಕೊಟ್ಟು ಬರುತ್ತಿದ್ದ ಆಯಿ ಆಗಲೇ ಮದರಸಾದ ಅಂಗಳ ಹಾದು ಬರಬೇಕೇ. ಅವಳು ಕಂಡದ್ದು ಇಷ್ಟು: ಕಾಲು ಮುಂದಾಗಿ ಹುಟ್ಟಿದ ಮೊಮ್ಮಗ ಮಸಿ ಬಳಿದ ಬಟ್ಟಲಿನೊಳಗೆ ಕಣ್ಣು ಪಿಳುಕಿಸದೆ ನೋಡುತ್ತಿದ್ದಾನೆ. ಮಾಸ್ತರು ಅವನ ಹೆಗಲ ಮೇಲೆ ಕೈ ಇಟ್ಟು ಬಗ್ಗಿದ್ದಾರೆ.

"ಸರಿಯಾಗಿ ನೋಡು. ಯಾವ ಕಡಿಗೆ ತೋರಸಾಕತ್ತೈತಿ?"

"ಗುಡ್ಡದ ಕಡಿಗೆ ರೀ."

"ಗುಡ್ಡದ ಯಾವ ಕಡಿಗೆ?"

"ಹಳೇ ಗುಣಿ ಇದಾವಲ್ಲ ರೀ, ಅಲ್ಲಿಗೆ."

ಆಯಿಯ ಕೈಯಿಂದ ಬುತ್ತಿಯ ಗಡಿಗೆ ಬೀಳಲಿಲ್ಲ. ಗಡಿಗೆ ಬೀಳಿಸುವಂಥ ಹೆಂಗಸಲ್ಲ ಅವಳು. ಗಡಿಗೆಯನ್ನು ಸಾವಕಾಶ ಕೆಳಗಿಟ್ಟು, ನನ್ನ ರಟ್ಟೆ ಹಿಡಿದು ಎಬ್ಬಿಸಿ, ಮತ್ತೆ ಗಡಿಗೆ ಎತ್ತಿಕೊಂಡು, ಮನೆಗೆ ಎಳೆದುಕೊಂಡು ಹೋದಳು. ಮನೆಯಲ್ಲಿ ಅಪ್ಪನಿಗೆ ಹೇಳಿದ್ದು ಒಂದೇ ಮಾತು. "ಅಂಜನ ಹಾಕಿಸ್ಯಾನ. ಇವನ ಬಾಯಿಲೇನ ಗುಣಿ ಹೇಳಿಸ್ಯಾನ." ಅಂದಿನಿಂದ ನನಗೆ ಮದರಸಾ ಬಂದ್. ಮಾಸ್ತರ ನೆರಳು ಬಿದ್ದಲ್ಲಿ ಕಾಲು ಇಟ್ಟರೂ ಮುರಿಯುತ್ತೇನೆ ಎಂದಳು. ನಾನು ಅತ್ತೆ. ಬಟ್ಟಲು, ಸೂಜಿ, ದಂಟಿನ ಬೆಂಡು ಎಂದು ಎಷ್ಟು ಹೇಳಿದರೂ ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ. ಆ ಮದರಸಾ ನನಗೆ ಎಷ್ಟು ಬೇಕಾಗಿತ್ತೆಂದು ಅಂದು ಮೊದಲ ಸಲ ತಿಳಿಯಿತು.

ಸುದ್ದಿ ಗೌಡರಿಗೆ ಹೋಯಿತು. ಊರಿನ ಪೊಲೀಸ್ ಪಾಟೀಲರನ್ನೇ ನಾವು ಗೌಡರು ಎನ್ನುತ್ತಿದ್ದದ್ದು. ಅವರ ಗುಮಾನಿ ಬೇರೆ ಜಾತಿಯದು. ಬಲಿಯ ಚಿಂತೆ ಅವರಿಗಿಲ್ಲ. ನೆಲದೊಳಗೆ ಸಿಕ್ಕದ್ದು ಸರ್ಕಾರದ್ದು, ಸರ್ಕಾರ ದೂರದ ಹೈದರಾಬಾದಿನಲ್ಲಿದೆ, ಹತ್ತಿರ ಇರುವವರು ತಾವು. ತಮ್ಮನ್ನು ಬಿಟ್ಟು ಮಾಸ್ತರನೊಬ್ಬನೇ ನಿಧಿ ಎತ್ತಿದರೆ ಹೇಗೆ ಎಂದು ಅವರಿಗೆ ತಳಮಳ. ಮಾಸ್ತರು ಮಕ್ಕಳನ್ನು ಕರೆದುಕೊಂಡು ಹೊರಟಾಗಲೆಲ್ಲ ಅವರು ಮರೆಯಲ್ಲಿ ಹಿಂಬಾಲಿಸತೊಡಗಿದರು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ, ನಮ್ಮ ಮನೆಯ ಮಾಳಿಗೆಯ ಮೇಲೆ ಬಂಧಿಯಾಗಿದ್ದೆ. ಹುಡುಗರು ಹೇಳಿದ್ದನ್ನು ಎಷ್ಟು ಸಲ ಹೇಳಿಸಿಕೊಂಡೆನೆಂದರೆ ಈಗ ಕಂಡಂತೆಯೇ ಇದೆ. ಹಳ್ಳದ ಹಸಿ ಮಣ್ಣಿನಲ್ಲಿ ಹುಡುಗರಿಗೆ ಒಂದು ಹೊಸ ಹೆಜ್ಜೆ ಸಿಕ್ಕಿತು. ದೊಡ್ಡ ಕೆರದ ಹೆಜ್ಜೆ, ಎಡಗಾಲಿನ ಹಿಮ್ಮಡದಲ್ಲಿ ಮೊಳೆಯ ಗುರುತು. ಮಾಸ್ತರಿಗೆ ಖುಷಿಯಾಗಿ, "ಬೆನ್ನು ಹತ್ರಿ ನೋಡೋಣು" ಎಂದರು. ಹುಡುಗರು ಸಾಲಾಗಿ ಬಗ್ಗಿ ಮೂಗು ನೆಲಕ್ಕೆ ಹಚ್ಚುವಂತೆ ಹೊರಟರು. ಹೆಜ್ಜೆ ಉಸುಕು ದಾಟಿತು, ದಂಡೆ ಹತ್ತಿತು, ತಂಗಡಿ ಗಿಡಗಳ ಪೊದೆಯ ಹತ್ತಿರ ಮುಗಿಯಿತು. ಅಲ್ಲಿ ಮೊದಲು ಕೆರ ಕಂಡವು, ಕೆರದೊಳಗೆ ಕಾಲು ಕಂಡವು, ಆಮೇಲೆ ಧೋತರ, ಎಲ್ಲಕ್ಕಿಂತ ಮೇಲೆ ಗೌಡರ ಮೀಸೆ.

ಕುಕ್ಕರಗಾಲಲ್ಲಿ ಕೂತಿದ್ದ ಗೌಡರು ಏಳಲಿಲ್ಲ. "ಬಯಲಕಡಿಗೆ ಬಂದೀನಿ, ಹೋಗ್ರಿ" ಎಂದರು.

ಮಾಸ್ತರು ಮುಖ ತಿರುಗಿಸಿ ಹುಡುಗರನ್ನು ಕರೆದರು. ಆದರೆ ಎಲ್ಲವನ್ನೂ ಗಮನವಿಟ್ಟು ನೋಡಬೇಕೆಂದು ಅಷ್ಟು ದಿನ ಕಲಿಸಿದ್ದು ಅವರೇ ಅಲ್ಲವೇ. ಒಬ್ಬ ಹುಡುಗ ಸುತ್ತ ಎಲ್ಲ ನೋಡಿ, "ನೀರಿನ ತಂಬಗಿ ಎಲ್ಲೈತ್ರಿ ಗೌಡ್ರ?" ಎಂದು ಕೇಳಿದ.

ಊರೆಲ್ಲ ನಕ್ಕಿತು. ಗೌಡರಿಗೆ ಮಾತ್ರ ನಗು ಬರಲಿಲ್ಲ. ಮರುದಿನವೇ ಚಾವಡಿಯಲ್ಲಿ ಮಂದಿ ಸೇರಿಸಿ ಮಾಸ್ತರನ್ನು ಕರೆಸಿದರು. ಆಯಿಯೂ ಹೋದಳು, ನನ್ನನ್ನು ಮನೆಯಲ್ಲಿ ಬಿಟ್ಟರೆ ಓಡಿಹೋದೇನೆಂಬ ಗುಮಾನಿಯಿಂದ ಜೊತೆಗೆ ಕರೆದೊಯ್ದಳು.

"ಮಾಸ್ತರ, ಸರ್ಕಾರ ನಿಮಗ ಪಗಾರ ಕೊಡೋದು ನೆಳ್ಳಾಗ ಕುಂತು ಕಲಸಾಕ" ಎಂದರು ಗೌಡರು. "ನೀವು ಬಿಸಲಾಗ ತಿರಗತೀರಿ. ನೆಲ ತೋಡಸ್ತೀರಿ, ಗುಡ್ಡ ತೋರಸ್ತೀರಿ. ಯಾಕ?"

"ಹುಡುಗರಿಗೆ ದಾರಿ ಗೊತ್ತಿರಲಿ ಅಂತ ರೀ."

"ನಮ್ಮ ಹುಡುಗರು ಇಲ್ಲೇ ಹುಟ್ಟ್ಯಾರ. ಇಲ್ಲೇ ಇರೋರಿಗೆ ದಾರಿ ಯಾಕ ಬೇಕು?"

ಮಾಸ್ತರು ಹೆಗಲಿನ ಜೋಳಿಗೆ ಇಳಿಸಿ ನೆಲಕ್ಕಿಟ್ಟರು. ಆಮೇಲೆ, "ನನಗ ಒಬ್ಬ ತಮ್ಮ ಇದ್ದ ರೀ. ಅವನೂ ಅಲ್ಲೇ ಹುಟ್ಟಿದ್ದ. ಜೋಳದ ಹೊಲದಾಗ ಹೊಕ್ಕವ ಹೊಳ್ಳಿ ಬರಲಿಲ್ಲ. ಊರಿನಿಂದ ಬಾಳ ದೂರಿದ್ದಿಲ್ಲ ಆ ಹೊಲ" ಎಂದರು.

ನನಗೆ ಬದುವಿನ ಮೇಲೆ ನಿಂತ ಅವರ ತಣ್ಣನೆಯ ಅಂಗೈ ನೆನಪಾಯಿತು. ಮಂದಿ ಕರಗಿದರೆಂದೇ ಎಣಿಸಿದೆ. ಅಷ್ಟರಲ್ಲಿ ಆಯಿ ಹಿಂದಿನಿಂದ, "ತನ್ನ ತಮ್ಮ ಸತ್ತರ ಮಂದಿ ಮಕ್ಕಳಿಗೆ ಯಾಕ ಕಲಸಬೇಕು? ಯಾರರೆ ಹಂಗ ಮಾಡ್ತಾರೇನು?" ಎಂದು ಕೇಳಿದಳು. ಪ್ರಶ್ನೆ ಎಲ್ಲರಿಗೂ ಸರಿ ಎನ್ನಿಸಿತು. ಅಂಥದ್ದನ್ನು ಮಾಡಿದವರನ್ನು ಅವರಾರೂ ಕಂಡಿರಲಿಲ್ಲ. ಗೌಡರು ದೂರು ಕೊಡಲು ಲಿಂಗಸುಗೂರಿಗೆ ಬಂಡಿ ಕಟ್ಟಿಸಿದರು. ಸ್ವಲ್ಪ ದಿನದಲ್ಲಿ ಮಾಸ್ತರಿಗೆ ಗುರುಗುಂಟಾದ ಆಚೆಯ ಯಾವುದೋ ಊರಿಗೆ ತಬಾದಲಾ, ಅಂದರೆ ವರ್ಗ, ಎಂದು ಹುಕುಂ ಬಂತು.

ಹೋಗುವ ದಿನ ಬೆಳಿಗ್ಗೆ ಹುಡುಗರೆಲ್ಲ ಮದರಸಾದ ಹತ್ತಿರ ಸೇರಿದ್ದರು. ನಾನು ಮನೆಯ ಕಟ್ಟೆಯ ಮೇಲೆ, ಆ ಕಟ್ಟೆಯ ಕೆಳಗೆ ಆಯಿ. ಅಂದು ನನಗೆ ಬೇಕಾಗಿದ್ದದ್ದು ಒಂದೇ, ಮಾಸ್ತರನ್ನು ಒಮ್ಮೆ ಹತ್ತಿರದಿಂದ ನೋಡಬೇಕಿತ್ತು. ಆಯಿ ಬೇವಿನ ಕಡ್ಡಿ ಕಚ್ಚುತ್ತ ನನ್ನ ಕಾಲುಗಳನ್ನೇ ನೋಡುತ್ತ ಕುಳಿತಿದ್ದಳು.

ಆಗ ಮಾಸ್ತರು ನಮ್ಮ ಓಣಿಯಲ್ಲಿ ಬಂದರು. ಎರಡೂ ಕೈ ಸೊಂಟದ ಮೇಲೆ, ಮೈ ಮುಂದಕ್ಕೆ ಬಗ್ಗಿತ್ತು, ಹೆಜ್ಜೆಗೊಮ್ಮೆ ಮುಖ ಕಿವಿಚುತ್ತಿದ್ದರು. ಅಂಗಳಕ್ಕೆ ಬಂದು ಆಯಿಯ ಎದುರು ನಿಂತರು.

"ಯವ್ವಾ, ಟ್ರಂಕು ಎತ್ತಾಕ ಹೋಗಿ ನಡಾ ಹಿಡದೈತಿ. ಹುಡುಗನ ಕಡಿಂದ ಒಂದೊದಿ ಒದಸ್ರಿ."

ಆಯಿ ಅವರನ್ನು ಕಾಲಿನಿಂದ ತಲೆಯ ತನಕ ನೋಡಿದಳು. ಇಲ್ಲ ಎನ್ನುವ ಮಾತು ಅವಳ ಗಂಟಲಿಗೆ ಬಂದದ್ದು ನನಗೆ ಕಾಣುತ್ತಿತ್ತು. ಆದರೆ ಮಲಗಿದವನಿಗೆ ಇಲ್ಲ ಎನ್ನುವಂತಿಲ್ಲ, ಮಾಸ್ತರು ಆಗಲೇ ಅಂಗಳದ ಮಣ್ಣಿನಲ್ಲಿ ಬೋರಲು ಮಲಗಿಬಿಟ್ಟಿದ್ದರು. ಸೂಜಿ, ನೆರಳು, ಸೂರ್ಯ ಬಿಟ್ಟು ಬೇರೇನನ್ನೂ ನಂಬದ ಮನುಷ್ಯ. ನನ್ನ ಒದೆಯ ಸುದ್ದಿ ಎತ್ತಿದಾಗಲೆಲ್ಲ, "ಕಾಲಾಗ ಔಷಧ ಇರತೈತೇನು ಹುಚ್ಚಪ್ಪ" ಎಂದು ನಗುತ್ತಿದ್ದವರು.

"ಒದ್ದು ಲಗೂನ ಬಾ" ಎಂದಳು ಆಯಿ.

ನಾನು ಹೋಗಿ ಮೆಲ್ಲಗೆ ಒದ್ದೆ.

"ಹಂಗಲ್ಲ. ಇನ್ನೊಮ್ಮಿ ಒದಿ" ಎಂದರು ಮಾಸ್ತರು ಮಣ್ಣಿಗೆ ಮುಖ ಇಟ್ಟುಕೊಂಡೇ. ಒದ್ದೆ. ಆಯಿಗೆ ಕೇಳದ ಹಾಗೆ, "ಶುಮಾಲ್ ಯಾವ ಕಡೆ?" ಎಂದರು.

ಕೈ ಎತ್ತಿ ತೋರಿಸಿದೆ. ಮಾಸ್ತರು ತಲೆ ಎತ್ತಲಿಲ್ಲ. ಬೆಳಗಿನ ಬಿಸಿಲಿಗೆ ನನ್ನ ಕೈಯ ನೆರಳು ಅವರ ಮುಖದ ಮುಂದೆಯೇ ಬಿದ್ದಿತ್ತು, ಅದನ್ನು ನೋಡಿ, "ಚೊಲೊ ಆತು" ಎಂದರು. ಎದ್ದು ಮಣ್ಣು ಕೊಡವಿಕೊಂಡರು. ರಿವಾಜಿನಂತೆ ನಾನು ಅವರ ಕಾಲು ಮುಟ್ಟಿದೆ. ತಲೆಯ ಮೇಲೆ ಕೈ ಇಟ್ಟು, ಜೋಳದ ಹೊಲದಿಂದ ಹೊರಗೆ ಬಂದಾಗ ಹೇಳುತ್ತಿದ್ದಂತೆ ನನ್ನ ಹೆಸರು ಹೇಳಿದರು.

ಮದರಸಾಕ್ಕೆ ಹೋಗಿ ಟ್ರಂಕನ್ನು ತಾವೇ ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಲಿಂಗಸುಗೂರಿನ ದಾರಿ ಹಿಡಿದರು. ನಡಿಗೆ ನೆಟ್ಟಗಿತ್ತು. ಅವರ ಸೊಂಟ ನಿಜವಾಗಿ ಹಿಡಿದಿತ್ತೋ ಇಲ್ಲವೋ ಎಂಬುದು ನನ್ನ ಜೀವನದ ಮೊದಲ ದೊಡ್ಡ ಅನುಮಾನ, ಅದು ಇನ್ನೂ ಬಗೆಹರಿದಿಲ್ಲ.

ನಾನು ಮಾಳಿಗೆ ಹತ್ತಿದೆ. ಆಯಿಯೂ ಹಿಂದೆಯೇ ಹತ್ತಿ ಬಂದಳು. ಮಾಸ್ತರು ದೊಡ್ಡ ಬೇವಿನ ಹತ್ತಿರ ನಿಂತು, ಟ್ರಂಕು ಹಿಡಿದುಕೊಂಡು ಇಡೀ ಮೈ ಹೊರಳಿಸಿ ಊರಿನ ಕಡೆ ನೋಡಿದರು. ಹಾಳು ಬಾವಿಯ ಹತ್ತಿರ ಮತ್ತೆ ನೋಡಿದರು. ಹಳ್ಳ ಇಳಿಯುವ ಮೊದಲು ಇನ್ನೊಮ್ಮೆ, ಬಹಳ ಹೊತ್ತು.

ಮದರಸಾದ ಹತ್ತಿರ ಹುಡುಗರು ಕೂಗಿ ಕುಣಿದದ್ದು ಕೇಳಿಸಿತು. ಹೊಳ್ಳಿ ಬರೋದಿದ್ದರೆ ಹೊಳ್ಳಿ ನೋಡಬೇಕೆಂದು ಹೇಳಿದವರು ಅವರೇ. ಎಲ್ಲ ಗುರುತಿನ ಹತ್ತಿರವೂ ನಿಂತು ನೋಡಿದ್ದಾರೆಂದರೆ ಅವರು ಬರುತ್ತಾರೆ.

"ನೋಡಿದೇನು" ಎಂದಳು ಆಯಿ. "ಗುಣಿ ಗುರ್ತು ಹಿಡಕೊಳ್ಳಾಕತ್ತಾನ. ಮತ್ತ ಬರತಾನ ಕಳ್ಳ."

ಆಯಿಯ ಗುಮಾನಿ ಖರೆಯಾಗಲೆಂದು ನಾನು ದೇವರಿಗೆ ಕೈಮುಗಿದದ್ದು ಅದೊಂದೇ ಸಲ.

ಮಾಸ್ತರು ಬರಲಿಲ್ಲ. ನಾನು ದೊಡ್ಡವನಾದ ಮೇಲೆ ಗುರುಗುಂಟಾದ ಕಡೆ ಹೋಗಿ ಕೇಳಿದೆ. ಅಲ್ಲಿಂದಲೂ ಎಲ್ಲಿಗೋ ಹೋದರೆಂದು ಹೇಳಿದರು, ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಬರುವುದಿಲ್ಲವೆಂದು ಅವರಿಗೆ ಅಂದೇ ಗೊತ್ತಿತ್ತು, ನಾವೆಲ್ಲ ನೋಡುತ್ತ ನಿಂತಿದ್ದೇವೆಂದು ತಿಳಿದೇ ಹೊರಳಿ ಹೊರಳಿ ನೋಡಿದರು ಎಂಬ ಅನುಮಾನ ನನಗಿದೆ. ಈ ಅನುಮಾನವನ್ನು ನಾನು ಯಾರ ಹತ್ತಿರವೂ ಬಗೆಹರಿಸಿಕೊಳ್ಳಲು ಹೋಗಿಲ್ಲ.

ಆಯಿ ಮಾತ್ರ ಅವರನ್ನು ಬಿಡಲಿಲ್ಲ. ಕಳ್ಳ ಬಂದರೆ ಮೊದಲು ತನಗೆ ಕಾಣಬೇಕೆಂದು ತಾನು ಮಲಗುವ ಹೊರಸನ್ನು ಅಂಗಳದಲ್ಲಿ ಆ ದಾರಿಗೆ ಮುಖ ಮಾಡಿ ಹಾಕಿಸಿಕೊಂಡಳು. ದಾರಿಯಲ್ಲಿ ಧೂಳು ಎದ್ದರೆ, "ಬಂದನೇನ ನೋಡೋ" ಎಂದು ನನ್ನನ್ನು ಮಾಳಿಗೆ ಹತ್ತಿಸುತ್ತಿದ್ದಳು. ನಿಜಾಮರು ಹೋದರು, ಗೌಡರು ಹೋದರು, ಆಯಿಗೆ ಕಣ್ಣು ಮಂಜಾದವು, ಹೊರಸು ಅಲ್ಲೇ ಇತ್ತು. ಒಂದು ಸಂಜೆ ನಾನು ಪಕ್ಕದಲ್ಲಿ ಕುಳಿತಿದ್ದಾಗ, "ಆ ಮಾಸ್ತರ ಬರ್ಲೇ ಇಲ್ಲಲ್ಲೋ" ಎಂದಳು. ಕಳ್ಳ ಎನ್ನದೆ ಮಾಸ್ತರ ಎಂದದ್ದು ಅದೇ ಮೊದಲು.

"ಇಲ್ಲ ಆಯಿ."

"ನಿಧಿ ಆಸೆ ಇದ್ದವ ಇಷ್ಟು ದಿನ ಬಿಡತಿದ್ದನೇನು?"

ಅವಳು ಕಾಣದ ಕಣ್ಣಿನಿಂದ ದಾರಿಯನ್ನೇ ನೋಡುತ್ತಿದ್ದಳು.

"ಹಂಗಾರ ಅವ ಬರೇ ನಿಮಗ ಕಲಸಾಕ ಬಂದಿದ್ದನೇನೋ" ಎಂದಳು.

ಹೊತ್ತು ಮುಳುಗಿ ಗಾಳಿ ಬೀಸತೊಡಗಿತು. ಹೊರಸನ್ನು ಗೋಡೆಯ ಮರೆಗೆ ತಿರುಗಿಸಿ ಹಾಕಲೇ ಎಂದು ಕೇಳಿದೆ. ಬೇಡ, ಇರಲಿ ಎಂದಳು.